ವಿಕಾಸದ ಪಾಠವೂ ನಮ್ಮ ತೋಟದ ಹಾರುವ ಓತಿಯೂ

ಕೇಂದ್ರೀಯ ಪಠ್ಯಕ್ರಮದ 10ನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ 'ಆನುವಂಶೀಯತೆ ಮತ್ತು ವಿಕಾಸ' ಎಂಬ ಅಧ್ಯಾಯವಿತ್ತು. 2023ರ ಮುದ್ರಣದಲ್ಲಿ ಅದು ಬರಿಯ 'ಆನುವಂಶೀಯತೆ'ಯಾಗಿ ಉಳಿಯಿತು. ಕೋವಿಡ್ ಕಾಲದಲ್ಲಿ ಮಕ್ಕಳ ಹೊರೆ ಇಳಿಸುವ ಕಾರಣ ನೀಡಿ ಎನ್‌ಸಿಇಆರ್‌ಟಿ ಕೈಗೊಂಡ ಕ್ರಮವಿದು. ನೈಸರ್ಗಿಕ ಸಂಪನ್ಮೂಲಗಳ ನಿರ್ವಹಣೆಯ ಪಾಠವೂ ಅದರೊಂದಿಗೆ ಹೋಯಿತು. ದೇಶದ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಅಧ್ಯಾಪಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿ ವಿರೋಧಿಸಿದರು. ವಿಕಾಸದ ವಿಷಯ 12ನೇ ತರಗತಿಯಲ್ಲಿ ಇದೆಯಲ್ಲ ಎಂಬುದು ಅಧಿಕೃತ ಉತ್ತರ. ಆದರೆ ಅಲ್ಲಿ ಅದನ್ನು ಓದುವವರು ಜೀವಶಾಸ್ತ್ರವನ್ನು ಆರಿಸಿಕೊಂಡವರು ಮಾತ್ರ. ಉಳಿದ ಬಹುಪಾಲು ಮಕ್ಕಳಿಗೆ ಹತ್ತನೆಯ ತರಗತಿಯೇ ಜೀವಶಾಸ್ತ್ರದ ಕೊನೆಯ ಮೆಟ್ಟಿಲು.

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ನಡೆಯುವುದು ಕೇರಳ ರಾಜ್ಯದ ಪಠ್ಯಕ್ರಮ. ಪುಸ್ತಕ ಕನ್ನಡದಲ್ಲಿಯೇ ಬರುತ್ತದೆ, ಜೀವವಿಕಾಸದ ಪಾಠವೂ ಅದರಲ್ಲಿ ಉಂಟು. ಹಾಗೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. ಪಾಠ ಪುಸ್ತಕದಲ್ಲಿರುವುದು ಬೇರೆ, ಅದು ಮಗುವಿನ ತಲೆಗೆ ಸರಿಯಾಗಿ ಇಳಿಯುವುದು ಬೇರೆ.

ಈ ಪಾಠದ ಮುಖ್ಯ ಪದಗಳನ್ನೇ ನೋಡೋಣ. 'ವಿಕಾಸ' ಎಂದರೆ ನಮ್ಮ ದಿನಬಳಕೆಯಲ್ಲಿ ಅರಳುವಿಕೆ, ಅಭಿವೃದ್ಧಿ. ಕೆಳಗಿನಿಂದ ಮೇಲಕ್ಕೆ ಏರುವ ಏಣಿಯೊಂದು ಮಗುವಿನ ಕಣ್ಣ ಮುಂದೆ ನಿಲ್ಲುತ್ತದೆ, ತುದಿಯಲ್ಲಿ ಮನುಷ್ಯ. ಜೀವಶಾಸ್ತ್ರ ಹೇಳುವುದು ಏಣಿಯನ್ನಲ್ಲ, ಕವಲೊಡೆದ ಮರವನ್ನು. 'ಹೊಂದಾಣಿಕೆ' ಎಂಬ ಪದ ಇನ್ನೂ ಮೋಸದ್ದು. ಸೊಸೆ ಮನೆಗೆ ಹೊಂದಿಕೊಂಡಳು ಎನ್ನುತ್ತೇವೆ. ಅಲ್ಲಿ ಬಯಕೆ ಇದೆ, ಪ್ರಯತ್ನವಿದೆ. ಪ್ರಾಣಿಯೂ ಹಾಗೆಯೇ ಯೋಚಿಸಿ ತನ್ನ ದೇಹವನ್ನು ಬದಲಿಸಿಕೊಂಡಿತು ಎಂದು ಮಗು ಬರೆಯುತ್ತದೆ. 1859ರಲ್ಲಿ ಡಾರ್ವಿನ್ ತನ್ನ ಗ್ರಂಥದಲ್ಲಿ ಹೇಳಿದ್ದು ಅದಲ್ಲ.

ನಮ್ಮ ಅಡಿಕೆ ತೋಟಗಳಲ್ಲಿ ಹಾರುವ ಓತಿಯನ್ನು ಕಾಣದ ಮಕ್ಕಳು ವಿರಳ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಓದಿದ ಹಿರಿಯರಿಗಂತೂ ಅದರ ಪರಿಚಯ ಹೇಳಬೇಕಿಲ್ಲ. ಅದರ ರೆಕ್ಕೆ ಹಕ್ಕಿಯ ರೆಕ್ಕೆಯಲ್ಲ. ಉದ್ದವಾದ ಪಕ್ಕೆಲುಬುಗಳ ಮೇಲೆ ಕೊಡೆಯಂತೆ ಬಿಚ್ಚಿಕೊಳ್ಳುವ ಚರ್ಮ. ಓತಿ ಹಾರಲು ಬಯಸಿ ಅದನ್ನು ಪಡೆಯಲಿಲ್ಲ. ಅದರ ಪೂರ್ವಜರೆಲ್ಲ ಒಂದೇ ಅಚ್ಚಿನವರಾಗಿರಲಿಲ್ಲ. ಪಕ್ಕೆಲುಬು ತುಸು ಉದ್ದ, ಚರ್ಮ ತುಸು ಅಗಲವಿದ್ದವು ಮರದಿಂದ ಮರಕ್ಕೆ ನೆಗೆಯುವಾಗ ತುಸು ಹೆಚ್ಚು ಬದುಕುಳಿದವು, ಹೆಚ್ಚು ಮರಿಗಳನ್ನು ಬಿಟ್ಟುಹೋದವು. ಮರಿಗಳಿಗೂ ಆ ಗುಣ ಬಂತು. ಲೆಕ್ಕವಿಲ್ಲದಷ್ಟು ತಲೆಮಾರುಗಳಲ್ಲಿ ಇದು ನಡೆಯಿತು. ನೈಸರ್ಗಿಕ ಆಯ್ಕೆ ಎಂದರೆ ಇಷ್ಟೇ. ಆರಿಸುವವರು ಯಾರೂ ಇಲ್ಲ. ಓತಿ ನಮ್ಮ ತೋಟಕ್ಕೆಂದು ಹುಟ್ಟಿದ್ದೂ ಅಲ್ಲ. ಅಡಿಕೆ ನೆಡುವ ಎಷ್ಟೋ ಮೊದಲು ಅದು ಕಾಡಿನಲ್ಲಿತ್ತು. ತೋಟದ ಎತ್ತರದ ಕಾಂಡಗಳು, ಅದರ ಮೇಲಿನ ಇರುವೆಗಳು ಅದಕ್ಕೆ ಅನುಕೂಲವಾಗಿ ಒದಗಿದವು.

ಇರುವೆ, ಓತಿ, ಓತಿಯನ್ನು ಹಿಡಿಯುವ ಹಾವು, ಹಕ್ಕಿ. ಆಹಾರ ಸರಪಳಿಯೂ ಅದೇ ಮರದಲ್ಲಿ ಸಿಗುತ್ತದೆ. ಸರಪಳಿಯ ಕೆಳಗಿನ ಕೊಂಡಿಗೆ ವಿಷ ಬಿದ್ದರೆ ಏನಾಗುತ್ತದೆಂದು ಈ ಜಿಲ್ಲೆಗೆ ಪುಸ್ತಕ ಹೇಳಬೇಕಿಲ್ಲ. ಎಣ್ಮಕಜೆ, ಪಡ್ರೆಯ ಸುತ್ತಲಿನ ಗೇರು ತೋಟಗಳಿಗೆ ಎರಡು ದಶಕಗಳಷ್ಟು ಕಾಲ, 2000ದವರೆಗೆ, ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಗುರಿ ಗೇರಿನ ಚಿಗುರು ಹೀರುವ ಟೀ ಸೊಳ್ಳೆ. ಔಷಧ ಗುರಿಯಲ್ಲಿ ನಿಲ್ಲಲಿಲ್ಲ. ಇಳಿಜಾರಿನ ತೋಡು, ಬಾವಿ, ಸುರಂಗದ ನೀರಿನ ದಾರಿ ಅದಕ್ಕೂ ದಾರಿಯಾಯಿತು. ಸುಪ್ರೀಂ ಕೋರ್ಟ್ ದೇಶಾದ್ಯಂತ ತಡೆ ವಿಧಿಸಿದ್ದು 2011ರಲ್ಲಿ. ಅಂದು ಹುಟ್ಟಿದ ಮಕ್ಕಳಲ್ಲಿ ಅನೇಕರು ಇಂದಿಗೂ ತಾಯಂದಿರ ಮಡಿಲು ಬಿಟ್ಟು ಇಳಿದಿಲ್ಲ. ಪರಿಸರ ವಿಜ್ಞಾನವನ್ನು 'ಹೆಚ್ಚುವರಿ ಹೊರೆ' ಎನ್ನುವವರು ಒಮ್ಮೆ ಆ ಮನೆಗಳ ಅಂಗಳದಲ್ಲಿ ಕುಳಿತು ಎದ್ದರೆ ಒಳಿತು.

ತೊಡಕಿರುವುದು ಇಲ್ಲಿ: ಓತಿಯನ್ನು ತೋರಿಸಿ, 'ಹೊಂದಾಣಿಕೆ' ಎಂಬ ಪದದ ಮೋಸವನ್ನು ಬಿಡಿಸಿ ಹೇಳಲು ಅಧ್ಯಾಪಕರಿಗೆ ಕನ್ನಡ ಒಳಗಿನಿಂದ ಗೊತ್ತಿರಬೇಕು. ಕನ್ನಡ ಬಾರದವರನ್ನು ಕನ್ನಡ ತರಗತಿಗೆ ನೇಮಿಸುವುದರ ವಿರುದ್ಧ ಇಲ್ಲಿನ ಪೋಷಕರು ಮತ್ತೆ ಮತ್ತೆ ಬೀದಿಗಿಳಿದಿದ್ದಾರೆ. ಅದನ್ನು ಭಾಷಾಭಿಮಾನದ ಗಲಾಟೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಇಂಥ ತರಗತಿಯಲ್ಲಿ ಮಗು ವ್ಯಾಖ್ಯೆಯನ್ನು ಬಾಯಿಪಾಠ ಮಾಡುತ್ತದೆ, ಅಂಕವನ್ನೂ ಪಡೆಯುತ್ತದೆ, ವಿಷಯ ಮಾತ್ರ ತಲೆಕೆಳಗಾಗಿ ಉಳಿದುಬಿಡುತ್ತದೆ. ಪುಸ್ತಕದಿಂದ ಕಿತ್ತ ಪಾಠಕ್ಕೂ ಹೀಗೆ ಕಲಿಸಿದ ಪಾಠಕ್ಕೂ ನಮಗೆ ಹೆಚ್ಚು ಅಂತರ ಕಾಣುವುದಿಲ್ಲ.

ಮುಂದಿನ ರಕ್ಷಕ-ಶಿಕ್ಷಕ ಸಭೆಯಲ್ಲಿ ಕಟ್ಟಡ, ಬಸ್ಸು, ಸಮವಸ್ತ್ರಗಳ ಚರ್ಚೆ ಮುಗಿದ ಮೇಲೆ ಇನ್ನೊಂದು ಪ್ರಶ್ನೆಗೆ ಸಮಯವಿರಲಿ: ಈ ವರ್ಷ ಹತ್ತನೆಯ ತರಗತಿಗೆ ಜೀವಶಾಸ್ತ್ರ ಕಲಿಸುವವರು ಯಾರು, ಯಾವ ಭಾಷೆಯಲ್ಲಿ?