ವನವೂ ಜಲವೂ

ಅಮರಕೋಶವನ್ನು ಬಲ್ಲವರಿಗೆ ನೀರಿನ ಪರ್ಯಾಯನಾಮಗಳಲ್ಲಿ 'ಜೀವನ'ದೊಡನೆ 'ವನ'ವೂ ಸೇರಿರುವುದು ವಿದಿತವೇ ಆಗಿದೆ. ಕಾಡಿಗೂ ನೀರಿಗೂ ಒಂದೇ ಹೆಸರು ಸಲ್ಲುವುದು ಬರಿಯ ಶಬ್ದಚಮತ್ಕಾರವೆಂದು ತೋರಬಹುದು. ಆದರೆ ಮಂಡ್ಯ, ಮದ್ದೂರು, ಮಳವಳ್ಳಿಗಳ ನಾಲೆಯ ಬಯಲನ್ನು ಕಂಡವರಿಗೆ ಅದರಲ್ಲಿ ಅಡಗಿರುವ ತತ್ತ್ವವು ಸ್ಫುಟವಾಗದಿರದು.

1911ರಲ್ಲಿ ಕನ್ನಂಬಾಡಿಯಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆಯು ಈ ಸೀಮೆಯ ಭಾಗ್ಯವನ್ನೇ ತಿರುಗಿಸಿತು. ಹಿಂದೆ ಇರ್ವಿನ್ ನಾಲೆಯೆನಿಸಿ ಇಂದು ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿರುವ ಕಾಲುವೆಯು ಹುಲಿಕೆರೆಯ ಸುರಂಗವನ್ನು ಹಾಯ್ದು ಬಂದು, ರಾಗಿ ಹುರುಳಿಗಳ ಬೆದ್ದಲನ್ನು ಭತ್ತ ಕಬ್ಬುಗಳ ಗದ್ದೆಯಾಗಿಸಿತು. 1974ರಿಂದ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯ ಮೂಲಕ ಬೆಂಗಳೂರಿನ ದಾಹವನ್ನು ತಣಿಸುತ್ತಿರುವುದೂ ಕಾವೇರಿಯೇ. ಈ ಉಪಕಾರವನ್ನು ಮರೆಯುವುದು ಕೃತಘ್ನತೆ.

ಆದರೆ ಅಣೆಕಟ್ಟು ನೀರನ್ನು ತಡೆದು ನಿಲ್ಲಿಸಬಲ್ಲುದೇ ಹೊರತು ಹುಟ್ಟಿಸಲಾರದು. ಕೊಡಗಿನ ಕಾನನಗಳು ಮಳೆಯನ್ನು ಹೀರಿ ಮೆಲ್ಲಮೆಲ್ಲನೆ ತೊರೆಗೆ ಬಿಟ್ಟುಕೊಟ್ಟರೆ ಮಾತ್ರ ಕಾವೇರಿಗೆ ಬೇಸಗೆಯಲ್ಲಿಯೂ ಉಸಿರು. ದೇವರಾಯನದುರ್ಗದ ಬೆಟ್ಟಸೀಮೆಯಲ್ಲಿ ಹುಟ್ಟಿ ಮದ್ದೂರಿನ ಮೇಲೆ ಹಾದುಬರುವ ಶಿಂಷೆಗೂ ಇದೇ ನಿಯಮ. ಇಳಿಜಾರಿನ ಮರ ಉರುಳಿದರೆ ಮಣ್ಣು ಕೊಚ್ಚಿಬಂದು ಜಲಾಶಯದಲ್ಲಿ ಹೂಳಾಗುತ್ತದೆ. ಇತ್ತ ಬಯಲಿನಲ್ಲಿ ಬಸಿಗಾಲುವೆ ಮುಚ್ಚಿದರೆ ಅತಿನೀರಿನಿಂದ ನೆಲವು ಜೌಗಾಗಿ, ಸವಳೇರುತ್ತದೆ. ಬೆಳೆಯು ಹೀರದುಳಿದ ರಸಗೊಬ್ಬರವೂ ಊರಿನ ಚರಂಡಿಯೂ ಕೆರೆಗಿಳಿದರೆ ಅಮೃತವೇ ವಿಷವಾಗುತ್ತದೆ.

'ಮೊದಲು ನೀರು ಬರಲಿ, ಮರದ ಮಾತು ಆಮೇಲೆ' ಎಂಬ ವಾದವುಂಟು. ಹಸಿದವನ ಮಾತೆಂದು ಅದನ್ನು ಗೌರವಿಸಬೇಕು, ಆದರೆ ಒಪ್ಪಲಾಗದು. ಕೊಡದ ತಳದ ತೂತನ್ನು ಮುಚ್ಚದೆ ಬಾವಿಗೆ ಹಗ್ಗ ಇಳಿಬಿಡುವವನನ್ನು ಯಾರೂ ಜಾಣನೆನ್ನರು. ಮೇಲಣ ನೆಲದ ರಕ್ಷಣೆ, ಕೆಳಗಣ ಬಸಿಗಾಲುವೆ, ಚರಂಡಿನೀರಿನ ಶುದ್ಧೀಕರಣ, ಈ ಮೂರಕ್ಕೂ ಪ್ರತಿಯೊಂದು ನೀರಾವರಿ ಕಾಮಗಾರಿಯ ಅಂದಾಜುಪಟ್ಟಿಯಲ್ಲಿಯೇ ಹಣವನ್ನು ತೆಗೆದಿರಿಸುವುದು ಕಡ್ಡಾಯವಾಗಬೇಕು.

ಇದು ಸರ್ಕಾರವೊಂದರ ಹೊಣೆಯೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟುವುದನ್ನೇ ಶಿವಯೋಗವಾಗಿಸಿದರು. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುತ್ತಲೇ ಬೆಟ್ಟದ ಮೇಲೆ ಕಟ್ಟೆಗಳನ್ನು ತೋಡಿ, ಸಸಿಗಳನ್ನು ನೆಟ್ಟು, ಮೃಗಪಕ್ಷಿಗಳಿಗೆ ನೀರುಣಿಸಿದರು. 2020ರಲ್ಲಿ ಪ್ರಧಾನಮಂತ್ರಿಗಳೇ ಅವರ ಕಾಯಕವನ್ನು ದೇಶಕ್ಕೆ ಎತ್ತಿ ತೋರಿದರು. 2022ರಲ್ಲಿ ಅವರು ಕಾಲವಾದರು, ಕಟ್ಟೆಗಳು ಉಳಿದಿವೆ. ಓಡುವ ಮಳೆನೀರನ್ನು ಎತ್ತರದಲ್ಲಿಯೇ ತಡೆದು ಇಂಗಿಸಬೇಕೆಂಬ ಶಾಸ್ತ್ರವನ್ನು ಅವರು ಪುಸ್ತಕದಿಂದ ಕಲಿತವರಲ್ಲ.

ಶಾಲೆಯ ಬಾಲಕ ಬಾಲಕಿಯರು 'ವನ' ಶಬ್ದದ ಎರಡು ಅರ್ಥಗಳನ್ನು ಬಾಯಿಪಾಠ ಮಾಡಿದರೆ ಸಾಲದು. ತಮ್ಮೂರ ಕೆರೆಗೆ ನೀರು ಎಲ್ಲಿಂದ ಬರುತ್ತದೆ, ಯಾವುದು ಅದನ್ನು ಕೆಡಿಸುತ್ತದೆ ಎಂಬುದನ್ನು ನಡೆದು ನೋಡಿ ಅರಿಯಲಿ. ಅಂದೇ ಆ ಶಬ್ದಕ್ಕೆ ಅರ್ಥ ಬಂದೀತು.