ಮದುವೆಯೆಂಬ ಮದ್ದು

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ನಮ್ಮ ಹಿರಿಯರು ತಮಾಷೆಗೆ ಕಟ್ಟಿದರೋ ಏನೋ. ನಮ್ಮ ಜನ ಮಾತ್ರ ಅದರ ಎರಡನೆಯ ಅರ್ಧವನ್ನು ವೈದ್ಯಶಾಸ್ತ್ರವೆಂದೇ ನಂಬಿಬಿಟ್ಟಿದ್ದಾರೆ. ಕುಡಿಯುವ ಮಗನಿಗೆ ಮದುವೆ, ಕೆಲಸವಿಲ್ಲದೆ ಅಲೆಯುವವನಿಗೆ ಮದುವೆ, ಮೂರ್ಛೆ ಬೀಳುವ ಹುಡುಗಿಗೂ ಮದುವೆ. ಈ ಸಾಲಿನಲ್ಲಿ ನಾವು ಗಟ್ಟಿಯಾಗಿ ಹೆಸರಿಸದ ಇನ್ನೂ ಕೆಲವರಿದ್ದಾರೆ. ಗಂಡಸನ್ನೇ ಪ್ರೀತಿಸುವ ಹುಡುಗ, ಹೆಂಗಸನ್ನೇ ಪ್ರೀತಿಸುವ ಹುಡುಗಿ, ಗಂಡಾಗಿ ಹುಟ್ಟಿಯೂ ತಾನು ಹೆಣ್ಣೆಂದು ಬಲ್ಲ ಮಗು.

ಇವರನ್ನು ‘ಸರಿಮಾಡುವ’ ಕಸುಬಿಗೆ ಕನ್ವರ್ಷನ್ ಥೆರಪಿ, ಪರಿವರ್ತನಾ ಚಿಕಿತ್ಸೆ ಎಂದು ಹೆಸರು. ಕರೆಂಟು ಕೊಡುವುದು, ಮಾತ್ರೆ ನುಂಗಿಸುವುದು, ಕೌನ್ಸೆಲಿಂಗ್ ಎಂಬ ಹೆಸರಿನಲ್ಲಿ ವಾರಗಟ್ಟಲೆ ಹೀಯಾಳಿಸುವುದು, ಯಾವುದೂ ನಡೆಯದಿದ್ದರೆ ಮಂತ್ರವಾದಿ, ತಾಯಿತ. ಇಷ್ಟಕ್ಕೂ ರೋಗವೇ ಇಲ್ಲ! ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗಪ್ರೇಮವನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿತು. ಇಂಥವರಲ್ಲಿ ಕೆಲವರು ಬದಲಾಗಬಲ್ಲರು ಎಂದು 2003ರಲ್ಲಿ ಪ್ರಬಂಧ ಪ್ರಕಟಿಸಿದ ಅಮೆರಿಕದ ಮನೋವೈದ್ಯ ರಾಬರ್ಟ್ ಸ್ಪಿಟ್ಜರ್, 2012ರಲ್ಲಿ ಅದಕ್ಕಾಗಿ ಬಹಿರಂಗವಾಗಿ ಕ್ಷಮೆ ಕೇಳಿದರು.

ನಮ್ಮ ದೇಶದಲ್ಲಿ ಇದಕ್ಕೆ ಮೊದಲು ಗಟ್ಟಿಯಾಗಿ ತಡೆ ಹಾಕಿದ್ದು ಮದರಾಸು ಹೈಕೋರ್ಟು. ಮಧುರೈನಿಂದ ಚೆನ್ನೈಗೆ ಓಡಿಬಂದ ಇಬ್ಬರು ಹೆಣ್ಣುಮಕ್ಕಳು ರಕ್ಷಣೆ ಕೇಳಿದ್ದರು. ಅವರ ಹೆತ್ತವರು ಮಗಳು ಕಾಣೆಯಾಗಿದ್ದಾಳೆಂದು ಪೊಲೀಸರಿಗೆ ದೂರು ಕೊಟ್ಟಿದ್ದರು. ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರು, ತಮಗೆ ಈ ವಿಷಯ ಗೊತ್ತಿಲ್ಲವೆಂದು ಒಪ್ಪಿಕೊಂಡು, ಮನಶ್ಶಾಸ್ತ್ರಜ್ಞೆಯೊಬ್ಬರ ಬಳಿ ಕುಳಿತು ತಿಳಿದುಕೊಂಡರು. (ಇಷ್ಟು ದೊಡ್ಡಮನಸ್ಸು ಎಷ್ಟು ಜನ ಅಪ್ಪಂದಿರಿಗಿದೆ?) 2021ರ ಜೂನ್ 7ರಂದು ಅವರು ಇಂಥ ಚಿಕಿತ್ಸೆಯನ್ನು ನಿಷೇಧಿಸಿ, ಮಾಡಿದವರ ಪರವಾನಗಿ ಕಿತ್ತುಕೊಳ್ಳಬೇಕೆಂದರು. 2022ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇದು ವೃತ್ತಿದ್ರೋಹವೆಂದು ಎಲ್ಲ ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ಬರೆಯಿತು. 2024ರಲ್ಲಿ ಕೇಂದ್ರದ ಆರೋಗ್ಯ ಸಚಿವಾಲಯವೂ ಇದನ್ನು ತಡೆಯಿರೆಂದು ರಾಜ್ಯಗಳಿಗೆ ಪತ್ರ ಬರೆಯಿತು.

ಸಂತೋಷವೇ. ಆದರೆ ಪತ್ರ ಕಾನೂನಲ್ಲ. ಆಯೋಗದ ಪತ್ರಕ್ಕೆ ಹೆದರಬೇಕಾದವನು ಬೋರ್ಡು ಹಾಕಿಕೊಂಡ ಡಾಕ್ಟರು ಮಾತ್ರ. ಅವನ ಬಾಗಿಲಿಗೆ ಮಗುವನ್ನು ಕರೆತಂದವರು ಯಾರು? ಕೈಹಿಡಿದು ಆಟೋ ಹತ್ತಿಸಿದವರು ಯಾರು? ನಾವೇ, ತಾಯಂದಿರು, ಅತ್ತೆಯರು, ಚಿಕ್ಕಮ್ಮಂದಿರು. ಡಾಕ್ಟರು ಕೈಚೆಲ್ಲಿದ ಮೇಲೆ ನಾವು ಕೊಡುವ ಕೊನೆಯ ಚಿಕಿತ್ಸೆಗೆ ಪರವಾನಗಿಯೂ ಬೇಡ. ಅದಕ್ಕೆ ಛತ್ರ ಬುಕ್ ಮಾಡಿದರೆ ಸಾಕು.

ನನ್ನ ಪರಿಚಯದ ಹೆಣ್ಣುಮಗಳೊಬ್ಬಳು ಮದುವೆಯಾಗಿ ಆರು ವರ್ಷ ಕನ್ನಡಿಯ ಮುಂದೆ ನಿಂತು ತನ್ನಲ್ಲಿ ಏನು ಕೊರತೆ ಎಂದು ಹುಡುಕಿದಳು. ಗಂಡ ಒಳ್ಳೆಯವನು, ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ, ಮುಟ್ಟುತ್ತಲೂ ಇರಲಿಲ್ಲ. ಮಕ್ಕಳಾಗಲಿಲ್ಲವೆಂದು ಅತ್ತೆ ಅವಳಿಂದಲೇ ಹರಕೆ ಹೊರಿಸಿದರು, ಅವಳನ್ನೇ ಪರೀಕ್ಷೆಗೆ ಕರೆದೊಯ್ದರು. ಕೊನೆಗೆ ಒಂದು ದಿನ ನಾದಿನಿ ಬಾಯಿತಪ್ಪಿ ಆಡಿಬಿಟ್ಟಳಂತೆ: “ನಿಮ್ಮನ್ನು ತಂದರೆ ಅಣ್ಣ ಸರಿಹೋಗ್ತಾನೆ ಅಂದ್ಕೊಂಡಿದ್ವಿ ಅತ್ತಿಗೆ.” ಅಂದರೆ ಮನೆಮಂದಿಗೆಲ್ಲ ಗೊತ್ತಿತ್ತು! ಆಕೆ ಆ ಮನೆಗೆ ಸೊಸೆಯಾಗಿ ಬಂದಿರಲಿಲ್ಲ, ಔಷಧಿಯ ಬಾಟಲಿಯಾಗಿ ಬಂದಿದ್ದಳು. ಆ ಗಂಡನ ಮೇಲೂ ನನಗೆ ಕೋಪವಿಲ್ಲ. ಅವನೂ ಆರು ವರ್ಷ ನರಳಿದವನೇ. ನನ್ನ ಕೋಪ ತಿಳಿದೂ ಅಕ್ಷತೆ ಹಾಕಿದವರ ಮೇಲೆ.

ಹುಡುಗಿಯ ಪಾಡು ಇನ್ನೂ ಘೋರ. ಹೆಣ್ಣನ್ನು ಪ್ರೀತಿಸುವವಳನ್ನು ಹಿಡಿದು ಗಂಡಿಗೆ ಕಟ್ಟಿದರೆ, ಅವಳ ‘ಚಿಕಿತ್ಸೆ’ ಪ್ರತಿ ರಾತ್ರಿ ನಡೆಯುತ್ತದೆ. 18 ದಾಟಿದ ಹೆಂಡತಿಯ ಮೇಲೆ ಗಂಡ ಮಾಡುವ ಬಲಾತ್ಕಾರವನ್ನು 2023ರ ಭಾರತೀಯ ನ್ಯಾಯ ಸಂಹಿತೆ ಕೂಡ ಅತ್ಯಾಚಾರವೆಂದು ಕರೆಯಲಿಲ್ಲ. ಅವಳು ದೂರುವುದಾದರೂ ಯಾರಿಗೆ?

ಮನೆಯೊಳಗಿನ ಮಾತಿಗೆ ಸರ್ಕಾರ ಯಾಕೆ ತಲೆಹಾಕಬೇಕು ಎನ್ನುವವರಿದ್ದಾರೆ. ವರದಕ್ಷಿಣೆಯೂ ಮನೆಯೊಳಗಿನ ಮಾತೇ ಆಗಿತ್ತು, 1961ರಲ್ಲಿ ಕಾನೂನು ಬಂತು. ಹೊಡೆತವೂ ಮನೆಯೊಳಗಿನ ಮಾತೇ ಆಗಿತ್ತು, 2005ರಲ್ಲಿ ಕಾನೂನು ಬಂತು. ಮೌಢ್ಯ ನಿಷೇಧ ಕಾಯ್ದೆ ಎಂದು ನಾವು ಕರೆಯುವ ಕರ್ನಾಟಕದ 2017ರ ಕಾಯ್ದೆ, ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕಿ ಹೊಡೆಯುವುದನ್ನು ಅಪರಾಧವೆಂದಿದೆ. ಇಲ್ಲದ ದೆವ್ವ ಬಿಡಿಸುವುದು ತಪ್ಪಾದರೆ ಇಲ್ಲದ ರೋಗ ಬಿಡಿಸುವುದು ಹೇಗೆ ಸರಿ?

ಇನ್ನೊಂದು ಜಾಣ ವಾದವಿದೆ, ಅವರೇ ಒಪ್ಪಿ ಬಂದರೆ ತಪ್ಪೇನು ಎಂದು. ನಿಷೇಧ ತರುತ್ತೇವೆಂದು 2018ರಲ್ಲಿ ಮಾತು ಕೊಟ್ಟ ಬ್ರಿಟನ್ ಸರ್ಕಾರವೇ 2021ರಲ್ಲಿ ಯೋಜನೆ ಮುಂದಿಟ್ಟಾಗ, ಒಪ್ಪಿಗೆ ಕೊಟ್ಟ ವಯಸ್ಕರಿಗೆ ಮಾತಿನ ಮೂಲಕ ನಡೆಸುವ ಚಿಕಿತ್ಸೆಗೆ ಅವಕಾಶವಿರಲಿ ಎಂದಿತ್ತು. ಕೆನಡಾದವರು ಜಾಣರು, 2022ರ ಜನವರಿಯಲ್ಲಿ ಜಾರಿಗೆ ಬಂದ ತಮ್ಮ ಕಾನೂನಿನಲ್ಲಿ ಆ ಕಿಂಡಿ ಬಿಡಲಿಲ್ಲ. ಐದು ವರ್ಷದವರೆಗೆ ಜೈಲು. ಒಪ್ಪಿಗೆ ಎಂದರೇನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೆಣ್ಣು ನೋಡಲು ಬಂದವರ ಮುಂದೆ ಕಾಫಿ ತಟ್ಟೆ ಹಿಡಿದು ತಲೆ ತಗ್ಗಿಸಿದ್ದಕ್ಕೆ ‘ಹುಡುಗಿ ಒಪ್ಪಿದ್ದಾಳೆ’ ಎಂದು ಬಾಳೆಹಣ್ಣು ಹಂಚಿದ ಊರುಗಳಿಂದ ಬಂದವರು ನಾವು. ಅಮ್ಮ ಊಟ ಬಿಟ್ಟು ಮಲಗಿದಾಗ, ಅಪ್ಪ ವಿಷ ಕುಡಿಯುತ್ತೇನೆ ಎಂದಾಗ ಮಗ ಹೇಳುವ ‘ಹೂಂ’ ಕೂಡ ಅದೇ ಒಪ್ಪಿಗೆ.

ಆದ್ದರಿಂದ ಸರ್ಕಾರ ಕಾನೂನು ಮಾಡುವುದಾದರೆ ಆಸ್ಪತ್ರೆಯ ಗೇಟಿನಲ್ಲೇ ನಿಲ್ಲಬಾರದು. ಬಲವಂತದ ಮದುವೆಯೂ ಅದರಲ್ಲಿ ಸೇರಬೇಕು, ಮಾಡಿಸಿದ ಹಿರಿಯರೂ ಉತ್ತರ ಹೇಳಬೇಕು, ಮೋಸಹೋದ ಹೆಂಡತಿಗೆ ಬೇಗ ಬಿಡುಗಡೆಯೂ ಜೀವನಾಂಶವೂ ಸಿಗಬೇಕು. ಅದು ಬರುವ ತನಕ, ಮಗಳಿಗೆ ಸಂಬಂಧ ಬಂದು, ಜಾತಕವೂ ಕೂಡಿ, ಬೀಗರು ವಿಪರೀತ ಅವಸರ ಮಾಡುತ್ತಿದ್ದರೆ, ಹುಡುಗನನ್ನು ಒಂದು ಗಳಿಗೆ ಹಿತ್ತಲಿಗೆ ಕರೆದು, ಅವನ ತಾಯಿ ಪಕ್ಕದಲ್ಲಿಲ್ಲದಾಗ ಕೇಳಿ: “ನಿನಗೆ ಈ ಮದುವೆ ಬೇಕೇನಪ್ಪಾ?”