ಜಾನಪದ ಅಂದುಬಿಟ್ಟೆ!

ಕಳೆದ ಯುಗಾದಿ ಕಾರ್ಯಕ್ರಮದಲ್ಲಿ ನಿರೂಪಣೆಯ ಕೆಲಸ ನನ್ನ ಪಾಲಿಗೆ ಬಂದಿತ್ತು. ನಮ್ಮ ಹುಡುಗಿಯರು ಸಿ.ಡಿ. ಕೇಳಿ ಕಲಿತ ಹಾಡಿನಲ್ಲಿ ಉತ್ತರ ಕರ್ನಾಟಕದ ಮಾತು, ಹಳ್ಳಿಯ ಧಾಟಿ. "ಈಗೊಂದು ಜಾನಪದ ಗೀತೆ" ಎಂದು ಮೈಕಿನಲ್ಲಿ ಧೈರ್ಯವಾಗಿ ಸಾರಿಬಿಟ್ಟೆ. ಚಪ್ಪಾಳೆಯೂ ಬಂತು.

ಬಿಸಿಬೇಳೆಭಾತಿನ ಸಾಲಿನಲ್ಲಿ ನಿಂತಿದ್ದಾಗ ಗೆಳತಿಯ ಮಾವನವರು ಹತ್ತಿರ ಬಂದರು. ಮಗನ ಮನೆಗೆ ಆರು ತಿಂಗಳಿಗೆಂದು ಬಂದವರು, ಎಂಬತ್ತರ ಹತ್ತಿರದ ವಯಸ್ಸು.

"ಏನಮ್ಮಾ, ಜಾನಪದ ಅಂದ್ಬಿಟ್ಟೆಯಲ್ಲ! ಅದು 'ಜೋಕುಮಾರಸ್ವಾಮಿ' ನಾಟಕದ್ದು. ಮಾತು ಕಂಬಾರರದು, ರಾಗ ಕಾರಂತರದು."

"ತಪ್ಪಾಯ್ತು ಅಂಕಲ್, ಗೊತ್ತಿರಲಿಲ್ಲ" ಎಂದೆ.

"ಗೊತ್ತಾಗದಂತೆ ಮಾಡಿದ್ದೇ ಅವರ ಹೆಚ್ಚುಗಾರಿಕೆ ಬಿಡು" ಎಂದು ನಕ್ಕರು. ಆದರೆ ಮುಖದಲ್ಲಿ ಬೇಸರವಿತ್ತು. 1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ಬಿ.ವಿ. ಕಾರಂತರು 'ಈಡಿಪಸ್', 'ಜೋಕುಮಾರಸ್ವಾಮಿ', 'ಸಂಕ್ರಾಂತಿ' ಆಡಿಸಿದಾಗ ಇವರು ಪ್ರೇಕ್ಷಕರಲ್ಲಿ ಕೂತಿದ್ದವರು. "ಅಲ್ಲಿ ಯಾರೂ ಮೈಕಿನ ಮುಂದೆ ಕೈಕಟ್ಟಿ ಹಾಡಲಿಲ್ಲಮ್ಮಾ. ಮಾತಾಡ್ತಾ ಆಡ್ತಾನೇ ಹಾಡಿಗೆ ಜಾರಿಬಿಡೋರು" ಎಂದರು.

ಅಂದಿನಿಂದ ಕಾರಂತರ ಬಗ್ಗೆ ಓದತೊಡಗಿದೆ. ದಕ್ಷಿಣ ಕನ್ನಡದ ಮಂಚಿಯ ಹತ್ತಿರ ಬಾಬುಕೋಡಿಯಲ್ಲಿ 1929ರಲ್ಲಿ ಹುಟ್ಟಿದ ಹುಡುಗ ಮನೆ ಬಿಟ್ಟು ಓಡಿಹೋಗಿ ಸೇರಿದ್ದು ಗುಬ್ಬಿ ಕಂಪನಿಯನ್ನು. ಅವನನ್ನು ಕಾಶಿಗೆ ಓದಲು ಕಳಿಸಿದವರು ಗುಬ್ಬಿ ವೀರಣ್ಣನವರೇ! ಅಲ್ಲಿ ಹಿಂದಿ ಎಂ.ಎ., ಜೊತೆಗೆ ಓಂಕಾರನಾಥ ಠಾಕೂರರಲ್ಲಿ ಸಂಗೀತ. ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, 1977ರಲ್ಲಿ ಅದಕ್ಕೇ ನಿರ್ದೇಶಕರಾದರು. 'ಮ್ಯಾಕ್‌ಬೆತ್' ನಾಟಕವನ್ನು ಹಿಂದಿಯಲ್ಲಿ 'ಬರ್ನಂ ವನ' ಎಂದು ಆಡಿಸಿದಾಗ ಅದಕ್ಕೆ ನಮ್ಮ ಯಕ್ಷಗಾನದ ಹೆಜ್ಜೆ ಕೊಟ್ಟರು. ಆಮೇಲೆ ಭೋಪಾಲದ ರಂಗಮಂಡಲ, 1989ರಲ್ಲಿ ಮೈಸೂರಿನ ರಂಗಾಯಣ. ಪ್ರಶಸ್ತಿಗಳಿಗೇನೂ ಕೊರತೆಯಿಲ್ಲ. 1981ರಲ್ಲಿ ಪದ್ಮಶ್ರೀ, ಕಾಳಿದಾಸ ಸಮ್ಮಾನವೂ ಉಂಟು. 2002ರಲ್ಲಿ ತೀರಿಕೊಂಡರು. ವೈದೇಹಿಯವರು ನಿರೂಪಿಸಿದ ಅವರ ಆತ್ಮಕಥೆಯ ಹೆಸರು 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ'. ಪರದೇಶದಲ್ಲಿ ಕೂತ ನಮಗೆ ಬೇರೆಯೇ ತರಹ ತಟ್ಟುವ ಹೆಸರು, ಅಲ್ಲವೇ?

ಕವಿಯ ಪುಸ್ತಕ ಕಪಾಟಿನಲ್ಲಿರುತ್ತದೆ. ನಿರ್ದೇಶಕನ ನಾಟಕ? ದೀಪ ಆರಿದರೆ ಆಯಿತು. ಕಾರಂತರದು ಹಾಡುಗಳಾದರೂ ಉಳಿದವು. ನಾವೋ ಅವನ್ನೂ ನಾಟಕದಿಂದ ಕಿತ್ತು, ಕೀಬೋರ್ಡ್ ಸೇರಿಸಿ, ಹೆಸರು ತಪ್ಪಿ ಹಾಡುತ್ತಿದ್ದೇವೆ. ನಾನೇ ಮೊದಲ ಅಪರಾಧಿ.

ಆದ್ದರಿಂದ ಈ ಸಲ ರಾಜ್ಯೋತ್ಸವಕ್ಕೆ ನಮ್ಮ ಮಕ್ಕಳಿಂದ 'ಪಂಜರಶಾಲೆ' ಆಡಿಸುವ ಯೋಚನೆ. ಟ್ಯಾಗೋರರ ಗಿಣಿಯ ಕಥೆಯಿಂದ ಕಾರಂತರು ಮಾಡಿದ ನಾಟಕ. ವಿದ್ಯೆ ಕಲಿಸುವ ನೆಪದಲ್ಲಿ ಗಿಣಿಗೆ ಪುಸ್ತಕದ ಹಾಳೆ ತುರುಕುವ ಕಥೆ. (ಮಕ್ಕಳನ್ನು ಸ್ಪೆಲ್ಲಿಂಗ್ ಬೀಗೆ ಓಡಿಸುವ ಅಪ್ಪ-ಅಮ್ಮಂದಿರು ಮುಂದಿನ ಸಾಲಿನಲ್ಲೇ ಕೂರಬೇಕಾಗಿ ವಿನಂತಿ!)

ಗೆಳತಿಯ ಮಾವನವರು ಬೆಂಗಳೂರಿಗೆ ಮರಳಿದ್ದಾರೆ. ಆದರೂ ಭಾನುವಾರದ ತಾಲೀಮಿಗೆ ಫೋನಿನಲ್ಲಿ ಹಾಜರು. ಟ್ರ್ಯಾಕ್ ಬೇಡವೇ ಬೇಡ ಎಂದಿದ್ದಾರೆ. ಕಲ್ಲು, ಕೋಲು, ತಗಡಿನಿಂದಲೇ ಕಾರಂತರು ಸಂಗೀತ ಹೊರಡಿಸುತ್ತಿದ್ದರಂತೆ. ಹಾಗಾಗಿ ಮನೆಯಲ್ಲಿ ಖಾಲಿ ಬಿಸ್ಕತ್ತು ಡಬ್ಬ, ಬಿದಿರಿನ ಕೋಲು ಇದ್ದವರು ದಯವಿಟ್ಟು ಎಸೆಯಬೇಡಿ, ಮಕ್ಕಳ ಕೈಯಲ್ಲಿ ಕೊಟ್ಟು ಕಳಿಸಿ.